ಗೊಣಗದ ಹವಳ

ಹಳದಿ ಕಯಾಕ್ ದೋಣಿಯೊಂದು ದ್ವೀಪದ ಬಳಿ ಬಂದು, ಕಡಲ ತಳದ ಮುದಿ ಹವಳದ ಹೆಗಲ ಮೇಲೆ ಲಂಗರು ಇಳಿಸಿತು. ಅದರಲ್ಲಿ ಬಂದಿದ್ದ ಹೆಂಗಸು ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ಹವಳ ನೋಡಲು ನೀರಿಗಿಳಿದಳು.

"ಲಂಗರು ತೆಗಿ ಮಾರಾಯ, ಮೈ ಮುರಿಯುತ್ತಿದೆ," ಎಂದಿತು ಹವಳ. ಬಂದ ದೋಣಿಗಳಿಗೆಲ್ಲ ಇದನ್ನೇ ಹೇಳಿ ಹೇಳಿ ಅದಕ್ಕೆ ಸಾಕಾಗಿ ಹೋಗಿತ್ತು. "ಪಕ್ಕದಲ್ಲೇ ಅಷ್ಟಗಲ ಮರಳಿದೆ, ಅಲ್ಲಿ ಹಾಕು."

"ಮರಳಿನಲ್ಲಿ ಲಂಗರು ಜಾರುತ್ತದೆ. ಇಂಜಿನ್ನಿಲ್ಲದ, ಹೊಗೆಯಿಲ್ಲದ ನನ್ನಂಥ ಸಾಧುವಿನ ಮೇಲೂ ದೂರೇ?" ಎಂದಿತು ಕಯಾಕ್. "ಅಮ್ಮನವರ ಉಂಗುರದಲ್ಲೂ ಒಂದು ಹವಳವಿದೆ. ದಡದಿಂದ ಇಲ್ಲಿಯವರೆಗೆ ಅದು ಒಮ್ಮೆಯೂ ಗೊಣಗಲಿಲ್ಲ."

"ಅದು ಸತ್ತು ಎಷ್ಟೋ ಕಾಲವಾಯಿತಲ್ಲೋ."

"ಸಬೂಬು ಹೇಳಬೇಡ."

ಅಷ್ಟರಲ್ಲಿ ಅಲೆಯೊಂದು ಕಯಾಕನ್ನು ಜಗ್ಗಿತು. ಹವಳದ ಟೊಂಗೆ ಲಟಕ್ಕನೆ ಮುರಿದು ಲಂಗರಿಗೆ ಸಿಕ್ಕಿಕೊಂಡಿತು. ಮೀನುಗಳೆಲ್ಲ ಓಡಿಹೋದವು. ಬಗ್ಗಡದಲ್ಲಿ ಏನೂ ಕಾಣದೆ ಹೆಂಗಸು ಬೇಸರದಿಂದ ಮೇಲೆ ಹತ್ತಿ, ಲಂಗರನ್ನು ಟೊಂಗೆಯ ಸಮೇತ ಎಳೆದುಕೊಂಡಳು.

ದಡದತ್ತ ಹೊರಟ ಕಯಾಕ್ ಆ ಟೊಂಗೆಯನ್ನು ಮಾತಾಡಿಸಿ ನೋಡಿತು. ಅದು ತುಟಿ ಬಿಚ್ಚಲಿಲ್ಲ.

"ನೋಡಿದೆಯಾ," ಎಂದು ಕಯಾಕ್ ಹಿಂತಿರುಗಿ ಮುದಿ ಹವಳಕ್ಕೆ ಕೂಗಿ ಹೇಳಿತು, "ನಿನ್ನ ಮಗಳು ಎಷ್ಟು ಬೇಗ ಮರ್ಯಾದೆ ಕಲಿತಳು."