ಪುಟ್ಟ ಏಡಿ ಮರಳುಂಡೆ ಕಟ್ಟುವುದೇಕೆ?

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಆಗಷ್ಟೇ ತಿಳಿದಿತ್ತು. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗೂ ಮಾತು ಬರುತ್ತಿತ್ತು, ಕಡಲಿಗೂ ಮಾತು ಬರುತ್ತಿತ್ತು.

ಆಗ ಕಡಲಿಗೆ ಏರಿಕೆಯೂ ಇರಲಿಲ್ಲ, ಇಳಿತವೂ ಇರಲಿಲ್ಲ. ಹುಟ್ಟಿದ ದಿನ ಎಲ್ಲಿ ನಿಂತಿತೋ ಅಲ್ಲೇ ನಿಂತಿತ್ತು. ಅಲೆಗಳು ನಿಂತಲ್ಲೇ ಎದ್ದು ನಿಂತಲ್ಲೇ ಬೀಳುತ್ತಿದ್ದವು.

ನದಿಯೊಂದು ಆ ಕಡಲನ್ನು ಸೇರುವ ಕಡೆ ಒಂದು ಸಣ್ಣ ಕೇರಿ ಇತ್ತು. ಆ ಕೇರಿಗೆ ಹಿರಿಯಳು ಅಕ್ಕಣಿ ಎಂಬ ಮುದುಕಿ. ಮರಳಿನಡಿ ಅವಿತಿರುವ ಮರುವಾಯಿ ಚಿಪ್ಪುಗಳನ್ನು ಹೆಕ್ಕುವುದು ಅವಳ ಕೆಲಸ. ಮೊಣಕಾಲುದ್ದ ನೀರಲ್ಲಿ ನಿಂತು ಹಿಮ್ಮಡಿಯಿಂದ ಮರಳು ಒತ್ತಿದರೆ ಸಾಕು, ಅಡಿಯಲ್ಲಿರುವುದು ಮರುವಾಯಿಯೋ ಬರೀ ಕಲ್ಲೋ ಅವಳಿಗೆ ತಿಳಿದುಬಿಡುತ್ತಿತ್ತು. ಬಗ್ಗಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು. ಇರಲಿ ಬಿಡಿ, ಅಷ್ಟು ಜಂಬ ಯಾರಿಗಿಲ್ಲ?

ಒಂದು ವರ್ಷ ಬೂತಾಯಿ ಮೀನು ಬಂತು ನೋಡಿ! ಬಲೆ ಎಳೆದವರ ಕೈ ಸೋತಿತು, ಮೀನು ಸೋಲಲಿಲ್ಲ. ಕೇರಿಯವರು ತಿಂದರು, ಒಣಗಿಸಿದರು, ನೆಂಟರಿಗೆಲ್ಲ ಕೊಟ್ಟರು. ಆಮೇಲೂ ಉಳಿದದ್ದನ್ನು ದೊಡ್ಡ ಕೊಪ್ಪರಿಗೆಗಳಲ್ಲಿ ಕುದಿಸಿ ಎಣ್ಣೆ ತೆಗೆದರು. ಎಣ್ಣೆ ದೋಣಿಗೆ ಬಳಿಯಲು ಬಂತು, ದೀಪ ಉರಿಸಲು ಬಂತು. ಕೊಪ್ಪರಿಗೆಯ ತಳದಲ್ಲಿ ಮಾತ್ರ ಕಪ್ಪು ಚರಟ ಉಳಿಯಿತು. ಮುಟ್ಟಿದರೆ ಅಂಟು, ಹತ್ತಿರ ಹೋದರೆ ನಾತ.

ಅಕ್ಕಣಿಯ ಮಗ ಕುಷ್ಟ ಮೂಗು ಮುಚ್ಚಿಕೊಂಡು ಬಂದು ಕೇಳಿದ, "ಅಬ್ಬೆ, ಈ ಚರಟ ಎಲ್ಲಿ ಹಾಕುದು?"

ಅಕ್ಕಣಿಯ ಹಿಮ್ಮಡಿಗೆ ಅದೇ ಹೊತ್ತಿಗೆ ದಪ್ಪದೊಂದು ಮರುವಾಯಿ ತಾಗಿತ್ತು. ಅವಳು ತಿರುಗಿಯೂ ನೋಡಲಿಲ್ಲ. "ಕಡಲಿಗೆ ಹೊಯ್ಯಾ ಮಗ. ಕಡಲೆಂತ ಸಣ್ಣದಾ?" ಎಂದಳು.

ಹೊಯ್ದರು. ಕೊಟ್ಟದ್ದನ್ನು ಬೇಡ ಎನ್ನಲು ಕಡಲಿಗೆ ಗೊತ್ತೇ ಇರಲಿಲ್ಲ.

ಆಚೆ ಕೇರಿಯವರು ಅದನ್ನು ನೋಡಿದರು. ಒಲೆಯ ಬೂದಿ ತಂದು ಸುರಿದರು. ಕಡಲೆಂತ ಸಣ್ಣದಾ? ಅದರಾಚೆಯ ಕೇರಿಯವರು ಹರಿದ ಬಲೆ ಎಸೆದರು, ಕೊಳೆತ ಹಗ್ಗ ಎಸೆದರು. ಕಡಲೆಂತ ಸಣ್ಣದಾ? ಒಡೆದ ಗಡಿಗೆ, ಹಳಸಿದ ಅನ್ನ, ಸತ್ತ ಕೋಳಿ. ಎಲ್ಲರದೂ ಒಂದೊಂದೇ ಬುಟ್ಟಿ, ಎಲ್ಲರದೂ ಅದೇ ಮಾತು.

ಚರಟ ಮೆಲ್ಲಗೆ ತಳಕ್ಕಿಳಿಯಿತು. ಮರಳಿಗೆ ಮರಳು ಅಂಟಿಕೊಂಡಿತು. ಮೀನುಗಳು ಮುಖ ತಿರುಗಿಸಿ ದೂರ ಹೋದವು. ದೋಣಿಗಳು ಖಾಲಿ ಬಂದವು. ಕೇರಿಯ ಮಕ್ಕಳು ಬರೀ ಗಂಜಿ ಉಂಡು ಅರೆಹೊಟ್ಟೆಯಲ್ಲಿ ಎದ್ದರು.

ಒಂದು ಬೆಳಿಗ್ಗೆ ಅಕ್ಕಣಿ ಎದ್ದಾಗ ಅಲೆಯ ಸದ್ದೇ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಓಡಿಹೋಗಿ ನೀರಿಗಿಳಿದು ಹಿಮ್ಮಡಿ ಒತ್ತಿದಳು. ಸಿಕ್ಕಿದ್ದು ಬಾಯಿ ತೆರೆದ ಖಾಲಿ ಚಿಪ್ಪು. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಖಾಲಿ.

"ಕಡಲಮ್ಮಾ, ಎಂತ ಆಯ್ತು ನಿಂಗೆ?"

ಕಡಲು ಸಣ್ಣ ದನಿಯಲ್ಲಿ ಹೇಳಿತು. "ನಾನು ಉಸಿರಾಡುವುದು ಮರಳಿನಿಂದ, ಮಗಳೇ. ಈಗ ಮರಳು ಕಟ್ಟಿಹೋಗಿದೆ."

ಅಷ್ಟು ದೊಡ್ಡ ಕಡಲಿಗೆ ಅಷ್ಟು ಸಣ್ಣ ದನಿ! ಅಕ್ಕಣಿಗೆ ಅಳು ಬಂತು. ತಾನಂದ ಮಾತು ಅವಳ ಕಿವಿಯಲ್ಲೇ ಮತ್ತೆ ಕೇಳಿಸಿತು.

ಕೇರಿಯವರು ಗಂಟುಮೂಟೆ ಕಟ್ಟತೊಡಗಿದರು. ಕುಷ್ಟ ಹೇಳಿದ, "ಅಬ್ಬೆ, ಮೂರು ದಿನ ಕಾಂಬ. ಜೀವ ಇದ್ದ ಒಂದ್ ಮರುವಾಯಿ ಸಿಕ್ರೆ ಇಲ್ಲೇ ಇಪ್ಪ. ಇಲ್ದಿದ್ರೆ ಹೊಳೆ ಹಿಡ್ದು ಮೇಲೆ ಹೋಪ."

ಅಕ್ಕಣಿ ಗಾಳಿಯನ್ನು ಕೇಳಿದಳು. "ಮೇಲಿದ್ದದ್ದನ್ನು ಊದಿಯೇನು, ಒಳಗಿದ್ದದ್ದು ನನ್ನ ಕೈಲಾಗದು" ಎಂದಿತು ಗಾಳಿ.

ನದಿಯನ್ನು ಕೇಳಿದಳು. "ಒಂದೇ ಸಲಕ್ಕೆ ತಳ್ಳಿಬಿಡುತ್ತೇನೆ. ಪಕ್ಕದ ಕೇರಿಯ ದಡಕ್ಕೆ ಹೋಗಿ ಬೀಳುತ್ತದೆ. ತಳ್ಳಲೇ?" ಎಂದಿತು ನದಿ.

"ಬೇಡ ಮಾರಾಯ್ತಿ! ಅಲ್ಲೂ ಮಕ್ಕಳಿದ್ದೋ" ಎಂದಳು ಅಕ್ಕಣಿ.

ಕೊನೆಗೆ ಅವಳು ಒಂದು ತೆಂಗಿನ ಗೆರಟೆ ಹಿಡಿದು ದಡದಲ್ಲಿ ಕೂತಳು. ಒಂದು ಹಿಡಿ ಮರಳು ತೆಗೆದು ತೊಳೆದಳು. ಇನ್ನೊಂದು ಹಿಡಿ ತೆಗೆದಳು. ಹೊತ್ತು ಮುಳುಗುವಷ್ಟರಲ್ಲಿ ಅಂಗೈಯಗಲ ಜಾಗ ಬಿಳಿಯಾಯಿತು. ಮೊದಲ ದಿನ ಹಾಗೆ ಕಳೆಯಿತು.

ಎರಡನೆಯ ದಿನ ಯಾರೋ ಕಿಸಕ್ಕೆಂದು ನಕ್ಕರು. ಕಡಲೆಕಾಳಿನಷ್ಟೇ ದೊಡ್ಡ ಏಡಿಯೊಂದು ಪಕ್ಕದಲ್ಲಿ ನಿಂತಿತ್ತು. ಲೋಕದ ಜೀವಿಗಳಿಗೆಲ್ಲ ಕೆಲಸ ಹಂಚಿದಾಗ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಹಾಗಾಗಿ ಕೆಲಸವಿಲ್ಲದೆ ಅಡ್ಡಡ್ಡ ತಿರುಗಿಕೊಂಡಿತ್ತು.

"ಎಂತ ಮಾಡ್ತಿದ್ದೆ ಅಜ್ಜಿ?"

"ನಾನಾಡಿದ ಮಾತು ತೊಳೀತಿದ್ದೆ."

ಏಡಿಗೆ ಅರ್ಥವಾಗಲಿಲ್ಲ. ಆದರೂ ಒಂದು ಚಿಟಿಕೆ ಮರಳನ್ನು ಬಾಯಿಗಿಟ್ಟು ನೋಡಿತು. ಕೊಳೆಯನ್ನು ನುಂಗಿತು, ಮರಳನ್ನು ಗುಂಡಗೆ ಉಂಡೆ ಕಟ್ಟಿ ಹೊರಗಿಟ್ಟಿತು. ಉಂಡೆ ಬೆಳ್ಳಗೆ ಶುದ್ಧವಾಗಿತ್ತು. "ಹೋಯ್, ರುಚಿ ಇತ್ತಲ್ಲ!" ಎಂದು ಇನ್ನೊಂದು ಚಿಟಿಕೆ ತೆಗೆಯಿತು. ಆಮೇಲೆ ತನ್ನ ಬಳಗವನ್ನೆಲ್ಲ ಕರೆಯಿತು. ಮರಳಿನೊಳಗಿಂದ ನೂರು ಬಂದವು, ಸಾವಿರ ಬಂದವು, ಎಣಿಸುವವರು ಕೈ ಚೆಲ್ಲಿದರು.

"ನೀರಿನೊಳಗೆ ಉಂಡೆ ನಿಲ್ಲೂದಿಲ್ಲ ಅಜ್ಜಿ. ಕಡಲು ಚೂರು ಹಿಂದೆ ಸರೀಲಿ" ಎಂದಿತು ಏಡಿ.

ಅಕ್ಕಣಿ ಕಡಲಿಗೆ ಕೈಮುಗಿದು ಕೇಳಿದಳು.

"ಹುಟ್ಟಿದಾಗಿನಿಂದ ನಾನು ಒಂದು ಹೆಜ್ಜೆಯೂ ಸರಿದವಳಲ್ಲ" ಎಂದಿತು ಕಡಲು. "ಸರಿದರೆ ನನ್ನ ಮಡಿಲಲ್ಲಿ ಏನೇನಿದೆಯೆಂದು ಎಲ್ಲರೂ ನೋಡುತ್ತಾರೆ. ನನಗೆ ನಾಚಿಕೆ."

ಅಕ್ಕಣಿ ಎದ್ದು ನಿಂತಳು. ಕೇರಿಯವರೆಲ್ಲ ಕೇಳುವ ಹಾಗೆ ಹೇಳಿದಳು, "ನಾಚಿಕೆ ನಿಂದಲ್ಲ ಕಡಲಮ್ಮಾ, ನಂದು. ಹೊಯ್ಯಿ ಅಂತ ಮೊದ್ಲು ಹೇಳಿದವಳು ನಾನೇ."

ಆಗ ಕಡಲು ಒಂದು ಹೆಜ್ಜೆ ಹಿಂದಿಟ್ಟಿತು.

ಅದು ಕಡಲಿಟ್ಟ ಮೊದಲ ಹೆಜ್ಜೆ. ಗಾಳಿ ಉಸಿರು ಬಿಗಿಹಿಡಿಯಿತು. ನದಿ ಹರಿಯುವುದನ್ನು ಮರೆತಿತು. ಬೆಟ್ಟಗಳು ಕತ್ತೆತ್ತಿ ನೋಡಿದವು. ಕಡಲು ಇನ್ನೊಂದು ಹೆಜ್ಜೆ ಇಟ್ಟಿತು, ಮತ್ತೊಂದು ಹೆಜ್ಜೆ ಇಟ್ಟಿತು. ಯಾರೂ ಕಂಡಿರದ ನೆಲ ಮೆಲ್ಲಮೆಲ್ಲಗೆ ಬೆಳಕಿಗೆ ಬಂತು. ನೀರು ಗೀರಿದ ಸಾಲು ಸಾಲು ಗೆರೆಗಳು, ಹಸಿರು ಪಾಚಿಯ ಬಂಡೆಗಳು, ಒದ್ದೆ ಮರಳಲ್ಲಿ ಕೈಕಾಲು ಚಾಚಿ ಮಲಗಿದ ನಕ್ಷತ್ರಮೀನುಗಳು. ಕೇರಿಯವರು ಕಣ್ಣು ಬಾಯಿ ಬಿಟ್ಟುಕೊಂಡು ನಿಂತರು. ಇಷ್ಟು ಚೆಂದದ್ದರ ಮೇಲೆ ತಾವು ಚರಟ ಹೊಯ್ದೆವೇ ಎಂದು ಅಕ್ಕಣಿ ಕೆನ್ನೆ ಕೆನ್ನೆ ಬಡಿದುಕೊಂಡಳು.

ನಕ್ಷತ್ರಮೀನುಗಳ ನಡುವೆ ಎಸೆದದ್ದೆಲ್ಲ ಬಿದ್ದಿತ್ತು. ಒಬ್ಬಳು ತನ್ನ ಮನೆಯ ಗಡಿಗೆಯ ಗುರುತು ಹಿಡಿದಳು. ಕುಷ್ಟ ತಾನು ಹೊಯ್ದ ಚರಟದ ಗಡ್ಡೆ ಕಂಡ. ಕಟ್ಟಿದ ಗಂಟುಮೂಟೆ ಬಿಚ್ಚಿ, ಬುಟ್ಟಿ ಖಾಲಿ ಮಾಡಿ ತಂದು, ಅವರವರು ಎಸೆದದ್ದನ್ನು ಅವರವರೇ ಹೆಕ್ಕಿದರು. ಆಚೆ ಕೇರಿಯವರೂ ತಲೆ ತಗ್ಗಿಸಿಕೊಂಡು ಬಂದರು. ಕೈಗೆ ಸಿಗದ ಚರಟಕ್ಕೆ ಏಡಿಗಳು ಕೂತವು. ಒಂದು ಚಿಟಿಕೆ, ಒಂದು ಉಂಡೆ. ಒಂದು ಚಿಟಿಕೆ, ಒಂದು ಉಂಡೆ.

"ಇದಕ್ಕಿಂತ ಹೆಚ್ಚು ಹೊತ್ತು ದೂರ ಇರಲಾರೆ" ಎಂದು ಕಡಲು ತಿರುಗಿ ಬಂತು. ಉಂಡೆಗಳನ್ನು ಮೆಲ್ಲಗೆ ಮುರಿದು, ಶುದ್ಧವಾದ ಮರಳನ್ನು ಹರಡಿಕೊಂಡಿತು. ಅಷ್ಟು ಹಗುರವಾಯಿತು ಅದಕ್ಕೆ. "ನಾಳೆಯೂ ಸರಿಯುತ್ತೇನೆ. ದಿನಕ್ಕೆರಡು ಸಲ ಸರಿಯುತ್ತೇನೆ. ನಿಮ್ಮ ಕೆಲಸ ಬಿಡಬೇಡಿ" ಎಂದು ಏಡಿಗಳಿಗೆ ಹೇಳಿತು.

ಮೂರನೆಯ ದಿನ ಸಂಜೆ ಅಕ್ಕಣಿ ನೀರಿಗಿಳಿದಳು. ಕೇರಿಯೇ ದಡದಲ್ಲಿ ನಿಂತಿತ್ತು. ಒತ್ತಿದಳು, ಖಾಲಿ. ಒತ್ತಿದಳು, ಖಾಲಿ. ಮೂರನೆಯ ಸಲ ಹಿಮ್ಮಡಿಯ ಕೆಳಗೆ ಏನೋ ಪಟ್ಟನೆ ಬಾಯಿ ಮುಚ್ಚಿಕೊಂಡಿತು.

ಅಕ್ಕಣಿ ಕಿರುಚಿದಳು. ಯಾವತ್ತೂ ಬಗ್ಗದವಳು ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ಉಗುರಿನಷ್ಟು ಸಣ್ಣ ಮರುವಾಯಿ, ಜೀವ ಇದ್ದದ್ದು. ಆಮೇಲೆ ಅದನ್ನು ಮತ್ತೆ ಮರಳಲ್ಲೇ ಇಟ್ಟಳು. ಆ ಹೊತ್ತಿಗೆ ಅವಳ ಬೆನ್ನ ಹಿಂದೆ ಒಂದು ಅಲೆ ಎದ್ದು ದಡಕ್ಕೆ ಬಿತ್ತು. ಆ ಸದ್ದು ಕೇಳಿ ಗಂಡಸರೂ ಅತ್ತರು.

ಕೇರಿ ಅಲ್ಲೇ ಉಳಿಯಿತು. ಏಡಿ ಮಾತ್ರ ಮನುಷ್ಯರನ್ನು ಪೂರ್ತಿ ನಂಬಲಿಲ್ಲ. ಹೆಜ್ಜೆ ಸದ್ದಾದರೆ ಸಾಕು, ಯಾರೋ ಬುಟ್ಟಿ ಹೊತ್ತು ಬಂದರೆಂದು ಬಿಲಕ್ಕೆ ಓಡುತ್ತಿತ್ತು.

ಇವತ್ತಿಗೂ ಕಡಲು ಇಳಿದಾಗ ದಡಕ್ಕೆ ಹೋಗಿ ನೋಡಿ. ಒಂದೊಂದು ಸಣ್ಣ ಬಿಲದ ಸುತ್ತಲೂ ಮರಳಿನ ಪುಟ್ಟ ಪುಟ್ಟ ಉಂಡೆಗಳು ಸಾಲಾಗಿ ಹರಡಿರುತ್ತವೆ. ನೀವು ಹತ್ತಿರ ಹೋದರೆ ಏಡಿ ಪುಳಕ್ಕನೆ ಒಳಗೆ ಹೋಗುತ್ತದೆ. ಅಲ್ಲಾಡದೆ ನಿಂತರೆ ಒಂದು ಕಣ್ಣು ಮೇಲೆತ್ತಿ ನಿಮ್ಮ ಕೈ ನೋಡುತ್ತದೆ, ಎಸೆಯಲು ಏನನ್ನೂ ತಂದಿಲ್ಲವೆಂದು ಗೊತ್ತಾದ ಮೇಲೆ ಹೊರಗೆ ಬಂದು, ಬಿಟ್ಟ ಕೆಲಸಕ್ಕೆ ಮತ್ತೆ ಕೂರುತ್ತದೆ.