ಎರವಲು ತಂದ ಪಡಸಾಲೆ

ಮಾಘ ಶುದ್ಧ ದಶಮಿ, ಮಂಗಳವಾರ. ಬೆಳಗಿನಿಂದ ಒಣ ಚಳಿ, ಆಕಾಶದಲ್ಲಿ ಮೋಡವಿರಲಿಲ್ಲ.

ಪೂಜೆ ಮುಗಿಸಿ ಜಗಲಿಯ ಬಿಸಿಲಿಗೆ ಬಂದು ಕುಳಿತ ಹಿರಿಯ ಸ್ವಾಮಿಗಳನ್ನು ಶಿಷ್ಯ ಅಡವಯ್ಯ ಕೇಳಿದ:

“ಬುದ್ಧಿ, ಬೋಳು ಕೋಣೆಗೆ ಇನ್ನೊಬ್ಬರ ಮನೆಯ ಚೆಂದದ ವಸ್ತುಗಳನ್ನು ತಂದಿಟ್ಟುಕೊಂಡರೆ ತಪ್ಪೇನು?”

ಕೇಳಲು ಕಾರಣವಿತ್ತು. ಮುಂದಿನ ತಿಂಗಳಿಂದ ಅವನು ಹೊಳೆಯಾಚೆಯ ಸಣ್ಣ ಮಠವನ್ನು ನೋಡಿಕೊಳ್ಳಬೇಕಿತ್ತು. ಅಲ್ಲಿ ಜನ ಬಂದು ಕೂರುವ ಕೋಣೆಯಲ್ಲಿ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಮನೆ ಬದಲಾಯಿಸುತ್ತಿದ್ದ ಭಕ್ತನೊಬ್ಬ ತನ್ನ ಹಳೆಯ ಪಡಸಾಲೆಯ ಹಿತ್ತಾಳೆಯ ಆನೆ, ಗಂಧದ ಕೆತ್ತನೆ, ಗಾಜಿನ ಮೇಲೆ ಬರೆದ ಚಿತ್ರ ಎಲ್ಲವನ್ನೂ ಇದ್ದ ಹಾಗೇ ಗಾಡಿಗೆ ಹಾಕಿ ಕಳಿಸುತ್ತೇನೆಂದು ಹೇಳಿ ಕಳಿಸಿದ್ದ. ಅಡವಯ್ಯನಿಗೆ ಆಸೆಯಾಗಿತ್ತು. ತನ್ನಂಥ ಹೊಸಬನ ಹತ್ತಿರ ಬಂದವರು ಸ್ವಲ್ಪ ಹೊತ್ತು ಕೂರಬೇಕಾದರೆ ಕಣ್ಣಿಗೆ ಏನಾದರೂ ಬೇಕಲ್ಲ ಎಂದು ಅವನ ಎಣಿಕೆ.

ಸ್ವಾಮಿಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಕೂರು ಎಂದು ಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಮಗ ನಡೆಯಲು ಕಲಿಯುವ ಹೊತ್ತಿಗೆ ಅವನ ಹೆಂಡತಿ ತೀರಿಕೊಂಡಳು. ಇನ್ನೊಂದು ಮದುವೆಗೆ ಅವನು ಮನಸ್ಸು ಮಾಡಲಿಲ್ಲ.

ಆ ಹೆಂಡತಿ ಒಂದು ಕಡೆ ಕೂತವಳಲ್ಲ. ಅವಳು ಬೀದಿಯ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳುತ್ತಿತ್ತು. ಸೂಜಿ ಹಿಡಿದರೆ ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಿಡುವಳು. ತವರಿಗೆ ಹೋಗಿ ಬರಲು ಹೊಳೆ ದಾಟಬೇಕಿತ್ತು. ದಾಟಿದಾಗಲೆಲ್ಲ ಕಣ್ಣಿಗೆ ಹಿಡಿಸಿದ ಒಂದು ಕಲ್ಲನ್ನು ಸೆರಗಿಗೆ ಕಟ್ಟಿಕೊಂಡು ಬರುವಳು. ಒಂದಕ್ಕೆ ಹಸಿರು ಗೆರೆ, ಇನ್ನೊಂದು ಥೇಟು ಮೊಟ್ಟೆಯ ಹಾಗೆ, ಮತ್ತೊಂದಕ್ಕೆ ನಡುವೆ ತೂತು. ಎಲ್ಲವನ್ನೂ ಪಡಸಾಲೆಯ ಗೋಡೆಗೂಡಿನಲ್ಲಿ ಸಾಲಾಗಿ ಇಟ್ಟಿದ್ದಳು. ಇವೆಲ್ಲ ಯಾಕೆ ಎಂದು ಗಂಡ ಕೇಳಿದರೆ, ಚೆನ್ನಾಗಿವೆ, ಅದಕ್ಕೆ ಎನ್ನುವಳು. ಅವಳು ಹೋದ ಮೇಲೂ ಕಲ್ಲುಗಳು ಅಲ್ಲೇ ಇದ್ದವು. ವರ್ತಕ ಅವನ್ನು ನಿಂತು ನೋಡಿದ್ದಿಲ್ಲ. ಸಂಜೆ ಅದೇ ಗೂಡಿನಲ್ಲಿ ದೀಪ ಇಡುವಾಗ ಕೈ ತಾನಾಗಿ ಒಂದನ್ನು ಸರಿಸಿ ನೇರ ಮಾಡುತ್ತಿತ್ತು, ಅಷ್ಟೆ.

ಮಗ ಬೆಳೆದು ಮದುವೆಗೆ ಬಂದ. ಆ ಸೀಮೆಯಲ್ಲಿ ಹೆಣ್ಣಿನವರು ಹುಡುಗನಿಗಿಂತ ಮೊದಲು ಅವನ ಮನೆ ನೋಡುತ್ತಾರೆ. ಗಂಡಿನವರು ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಪಾನಕ ಕೊಟ್ಟು, ಸುಮ್ಮನಿರಬೇಕು. ಕೊಟ್ಟ ಮಗಳು ನಾಳೆ ಎದ್ದು ಕಣ್ಣು ಬಿಟ್ಟರೆ ಏನು ಕಾಣುತ್ತಾಳೆ ಎಂದು ನೋಡುವ ಶಾಸ್ತ್ರ ಅದು.

ಮೊದಲು ಬಂದವರಲ್ಲಿ ಹುಡುಗಿಯ ಸೋದರಮಾವ ಮಾತುಗಾರ. ಅವನು ಗೂಡಿನ ಕಡೆ ನೋಡಿ, “ಏನ್ರೀ ಸಾಹುಕಾರ್ರೇ, ಪಡಸಾಲೆಯಲ್ಲೂ ತೂಕದ ಕಲ್ಲು ಇಟ್ಟಿದ್ದೀರಲ್ಲ. ನಮ್ಮ ಹುಡುಗಿಯನ್ನೂ ತೂಗಿ ತಗೋತೀರೋ?” ಎಂದ.

ಕೂತವರೆಲ್ಲ ನಕ್ಕರು. ವರ್ತಕನೂ ನಕ್ಕ. ಮೆಟ್ಟಿಲು ಇಳಿಯುವಾಗ ಯಾರೋ, ಇದು ಮನೆಯಲ್ಲ, ಬೆಲ್ಲದ ಮಂಡಿ ಎಂದದ್ದೂ ಅವನ ಕಿವಿಗೆ ಬಿತ್ತು. ಆ ಸಂಬಂಧ ಕೂಡಿಬರಲಿಲ್ಲ. ಮಾತು ಊರಿಂದೂರಿಗೆ ಹಬ್ಬಿ, ಆಮೇಲೆ ಬಂದವರು ಬರುವಾಗಲೇ ನಗುತ್ತ ಬಂದರು. ಓರಗೆಯವರ ಮಕ್ಕಳು ಮಂಡಿಯ ಮುಂದೆ ಹಾದುಹೋದರೆ ಮಗ ಕರೆದು ಬೆಲ್ಲದ ಚೂರು ಕೊಟ್ಟು, ಅವು ಮೂಲೆ ತಿರುಗುವ ತನಕ ನೋಡುತ್ತ ನಿಲ್ಲುವನು. ತಂದೆ ಅದನ್ನು ಕಂಡೂ ಕಾಣದ ಹಾಗೆ ಇರುವನು. ತನ್ನಂತೆ ಇವನೂ ಒಬ್ಬನೇ ಮುದುಕನಾಗುತ್ತಾನೆ ಎಂಬ ಹೆದರಿಕೆ ಅವನ ಎದೆಯಲ್ಲಿ ಕೂತುಬಿಟ್ಟಿತು.

ಅಂಥ ಹೊತ್ತಿನಲ್ಲಿ ಒಂದು ಒಳ್ಳೆಯ ಸಂಬಂಧ ಬಂತು. ತಾಯಿಯಿಲ್ಲದ ಹುಡುಗಿ, ಸಾಕಿದವಳು ಸೋದರತ್ತೆ. ಆ ಅತ್ತೆಯ ಮಾತೇ ಅಲ್ಲಿ ಕಡೆಯ ಮಾತು. ಬರುವ ಸೋಮವಾರ ಮನೆ ನೋಡಲು ಬರುತ್ತೇನೆಂದು ಅವಳು ಹೇಳಿ ಕಳಿಸಿದಳು.

ವರ್ತಕನಿಗೆ ಹಿಂದಿನ ಬೀದಿಯ ಮುದುಕಿಯ ನೆನಪಾಯಿತು. ಅವಳ ಮನೆಗೆ ಒಲೆಯ ಬೆಂಕಿ ಕೇಳಲು ಹೋದವರೂ ಸ್ವಲ್ಪ ಕೂತು ಎದ್ದು ಬರುತ್ತಿದ್ದರು. ಇದ್ದದ್ದು ಒಂದೇ ಕೋಣೆ; ಮಂಡಿ, ಆಲೆಮನೆ ಎಂದು ಓಡಾಡುವ ಮಗ ಅಲ್ಲಿಗೆ ಕಾಲಿಟ್ಟವನಲ್ಲ. ಬಾಗಿಲಿಗೆ ಅವಳೇ ಪೋಣಿಸಿದ ಮಣಿಯ ತೋರಣ, ಅದರಲ್ಲಿ ಗಿಳಿಗಳ ಸಾಲು. ಗೂಡಿನಲ್ಲಿ ಮಣಿ ಸುತ್ತಿದ ತೆಂಗಿನಕಾಯಿ. ಗೋಡೆಗೆ ಲಾವಂಚದ ಬೀಸಣಿಗೆ, ಒಡೆದ ಬಳೆಗಳ ಚೂರು ಅಂಟಿಸಿದ ಕನ್ನಡಿ. ಅಲ್ಲಿದ್ದಷ್ಟನ್ನೂ ತನಗೆ ಮಾರಬೇಕೆಂದು ಅವನು ಕೇಳಿದ.

“ಮಾರೋಕೆ ಪೋಣಿಸಿದ್ದಲ್ಲಪ್ಪ,” ಎಂದಳು ಮುದುಕಿ. “ತಗೊಂಡು ಹೋಗು. ಶಾಸ್ತ್ರ ಮುಗಿದ ಮೇಲೆ ತಂದುಕೊಡು.”

ತಾನು ಯಾರಿಂದಲೂ ಪುಕ್ಕಟೆ ತಂದವನಲ್ಲ, ಏನಾದರೂ ತೆಗೆದುಕೊಳ್ಳಲೇಬೇಕು ಎಂದು ಅವನು ಪಟ್ಟು ಹಿಡಿದ. ಬೆಲೆ ಕೊಡದಿದ್ದರೆ ನಿನಗೆ ಉಂಡದ್ದು ಅರಗುವುದಿಲ್ಲ ಎಂದು ನಗೆಯಾಡಿ, ಅದನ್ನು ಆಮೇಲೆ ನೋಡೋಣ ಎಂದು ಅವಳು ಅವನನ್ನು ಸಾಗಹಾಕಿದಳು.

ಮಗ ಬೆಲ್ಲ ಕೊಳ್ಳಲು ಆಲೆಮನೆಗಳಿಗೆ ಹೋಗಿದ್ದ. ವರ್ತಕ ಗೋಡೆಗೆ ಸುಣ್ಣ ಹೊಡೆಸಿದ. ಗೂಡಿನ ಕಲ್ಲುಗಳನ್ನು ಬುಟ್ಟಿಗೆ ಬಳಿದು, ಹಿತ್ತಲ ಬಾವಿಯ ಹತ್ತಿರ ಕಾಲು ಜಾರುವ ಕಡೆ ಕೆಸರಿಗೆ ಸುರಿದ. ಮುದುಕಿಯ ಕೋಣೆಯಲ್ಲಿ ಯಾವುದು ಎಲ್ಲಿತ್ತೋ ಇಲ್ಲೂ ಹಾಗೇ ತೂಗುಹಾಕಿದ. ಹೊರಗೆ ಹೋಗಿ ಬಂದು ನೋಡಿದರೆ, ಚಪ್ಪಲಿ ಎಲ್ಲಿ ಬಿಡಲಿ ಎಂದು ತನ್ನ ಮನೆಯ ಬಾಗಿಲಲ್ಲೇ ಒಂದು ಗಳಿಗೆ ಯೋಚಿಸುವಂತಾಯಿತು.

ಸೋಮವಾರ ಸೋದರತ್ತೆ ಬಂದಳು. ಪಾನಕ ಮುಟ್ಟಲಿಲ್ಲ. ತೋರಣದ ಕೆಳಗೆ ನಿಂತು, ಇದು ಯಾರ ಕೈಯದು ಎಂದು ಕೇಳಿದಳು. ಮನೆಯವಳದು ಎಂಬ ಮಾತು ವರ್ತಕನ ಬಾಯಿಂದ ಸಲೀಸಾಗಿ ಬಂತು. ಅವಳು ಇನ್ನೂ ಹತ್ತಿರ ಹೋದಳು.

“ಎಲ್ಲ ಗಿಳಿಗೂ ಕೆಂಪು ಕೊಕ್ಕು. ಇದೊಂದಕ್ಕೆ ಯಾಕೆ ನೀಲಿ?”

ವರ್ತಕ ಅದನ್ನು ನೋಡಿಯೇ ಇರಲಿಲ್ಲ. ತರುವಾಗ ಮುದುಕಿಯನ್ನು ಕೇಳಬೇಕೆಂದೂ ಹೊಳೆದಿರಲಿಲ್ಲ. ಆದರೆ ಅವನು ಜನ್ಮವಿಡೀ ವ್ಯಾಪಾರ ಮಾಡಿದವನು, ಮಾತಿಗೆ ತಡವರಿಸಿದವನಲ್ಲ.

“ಕೆಂಪು ಮಣಿ ಮುಗಿದಿತ್ತಮ್ಮ. ಸಂತೆಯಿಂದ ತಂದುಕೊಡಿ ಅಂದಿದ್ದಳು. ನಾನು ಮರೆತು ಬಂದೆ. ಅಷ್ಟರಲ್ಲಿ ಅವಳೇ ಹೋದಳು.”

ಸೋದರತ್ತೆ ತೋರಣದಿಂದ ಹಿಂದೆ ಸರಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಕೂತು, ಪಾನಕ ಕುಡಿದಳು. ಹೋಗುವಾಗ ಜೊತೆಯವರಿಗೆ, ಮರೆತದ್ದನ್ನು ಇಷ್ಟು ವರ್ಷ ಮರೆಯದೆ ಇಟ್ಟುಕೊಂಡ ಮನೆ, ಹುಡುಗಿ ಕೊಡೋಣ ಎಂದಳು.

ಮಗ ಮರಳಿ ಬರುವ ದಾರಿಯಲ್ಲೇ ಹುಡುಗಿಯ ಊರಿತ್ತು. ಅವರು ಅವನನ್ನು ಒಳಗೆ ಕರೆದು, ಊಟಕ್ಕೆ ಬಡಿಸಿ, ಎಲ್ಲ ಹೇಳಿದರು. ಅವನು ಮನೆಗೆ ಬಂದವನೇ ತಲೆಯ ವಸ್ತ್ರವನ್ನೂ ಬಿಚ್ಚದೆ ತೋರಣದ ಮುಂದೆ ನಿಂತ. ನೀಲಿ ಕೊಕ್ಕಿನ ಗಿಳಿಯನ್ನು ಹುಡುಕಿ ಬೆರಳಿನಿಂದ ಮುಟ್ಟಿದ. ತಾಯಿಯ ಮುಖ ನೆನಪಿಲ್ಲದ ಹುಡುಗ. ಅವನ ಕೈಯಲ್ಲಿ ಸಣ್ಣದೊಂದು ಪೊಟ್ಟಣವಿತ್ತು.

“ಅಪ್ಪ, ಅಮ್ಮನದು ಇಷ್ಟೆಲ್ಲ ಇತ್ತು ಅಂತ ನೀವು ಒಂದು ದಿನವೂ ಹೇಳಲಿಲ್ಲವಲ್ಲ. ಕೆಂಪು ಮಣಿ ತಂದಿದ್ದೇನೆ.”

ಹೇಳುವುದಾದರೆ ಆಗ ಹೇಳಬೇಕಿತ್ತು. ವರ್ತಕನಿಗೆ ಅದು ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಅವನು ಮಗನ ಮುಖ ನೋಡಿದ. “ಇವನ್ನು ನೋಡಿದರೆ ಸಂಕಟವಾಗುತ್ತಿತ್ತು, ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೆ,” ಎಂದ. ಸೋದರತ್ತೆಗೆ ಹೇಳಿದ ಸುಳ್ಳಿಗೆ ಕಷ್ಟವಿರಲಿಲ್ಲ. ಈ ಸುಳ್ಳು ಹೇಳುವಾಗ ಅವನು ಮುಖ ಆಚೆ ತಿರುಗಿಸಿದ. ತಿರುಗಿಸಿದ್ದರಿಂದಲೇ ಮಗ ಪೂರ್ತಿ ನಂಬಿದ.

ಮದುವೆಯಾಯಿತು. ಸೊಸೆ ಒಳ್ಳೆಯವಳು. ಬೆಳಗ್ಗೆ ಎದ್ದವಳು ಮೊದಲು ತೋರಣಕ್ಕೆ ಕೈಮುಗಿದು ಆಮೇಲೆ ಒಲೆ ಹಚ್ಚುವಳು. ಇನ್ನು ಅದನ್ನು ಬಿಚ್ಚಿ ತಿರುಗಿ ಕೊಡುವ ಮಾತೇ ಇರಲಿಲ್ಲ. ವರ್ತಕ ಮುದುಕಿಯ ಹತ್ತಿರ ಹೋಗಿ, ತಲೆ ತಗ್ಗಿಸಿ, ಆದದ್ದನ್ನೆಲ್ಲ ಹೇಳಿದ. ಏನು ಬೇಕೋ ಕೇಳು, ಇಲ್ಲ ಎನ್ನುವುದಿಲ್ಲ ಎಂದ. ಅವಳಿಗೆ ವಿಷಯ ಮೊದಲೇ ತಿಳಿದಿತ್ತು.

“ಇರಲಿ ಬಿಡಪ್ಪ. ಹೊಸ ಹುಡುಗಿ ಕೈಮುಗೀತಾಳಂತೆ, ನನ್ನ ಗಿಳಿಗಳ ಪುಣ್ಯ. ನಾನು ಇನ್ನೊಂದು ಪೋಣಿಸ್ಕೋತೀನಿ.”

ಹಾಗೇ ಮಾಡಿದಳು. ಚಳಿಗಾಲ ಕಳೆಯುವುದರೊಳಗೆ ಅವಳ ಬಾಗಿಲಿಗೆ ಬೇರೆ ತೋರಣ ಬಂತು. ಈ ಸಲ ನವಿಲುಗಳು. ಜನ ಮೊದಲಿನ ಹಾಗೇ ಅಲ್ಲಿ ಕೂತು ಎದ್ದು ಹೋಗುತ್ತಿದ್ದರು.

ವರ್ತಕನ ಮನೆಯಲ್ಲೂ ಈಗ ಬಂದವರು ಕೂರುತ್ತಿದ್ದರು. ಮೊಮ್ಮಕ್ಕಳಾದವು. ಸಂಜೆ ದೀಪ ಹಚ್ಚಿದ ಮೇಲೆ ಮಗ ಅವುಗಳಿಗೆ ಅಜ್ಜಿಯ ಕತೆ ಹೇಳುವನು. ನಿಮ್ಮಜ್ಜಿ ದನಿ ಎತ್ತಿ ಮಾತಾಡಿದವಳಲ್ಲ, ಹೊತ್ತು ಹುಟ್ಟಿದಾಗ ತಲೆ ತಗ್ಗಿಸಿ ಪೋಣಿಸಲು ಕೂತರೆ ಹೊತ್ತು ಮುಳುಗಿದ ಮೇಲೆ ಏಳುತ್ತಿದ್ದಳು, ಅಂಥ ತಾಳ್ಮೆ ಎನ್ನುವನು. ಸೊಸೆ ಅದಕ್ಕೆ ತನ್ನದೂ ಒಂದೆರಡು ಮಾತು ಸೇರಿಸುವಳು. ವರ್ತಕ ಕಂಬಕ್ಕೆ ಒರಗಿ ಕೇಳುವನು. ಅಜ್ಜಿ ಎಲ್ಲಿ ಕೂರುತ್ತಿದ್ದಳು ತಾತ ಎಂದು ಮಕ್ಕಳು ಕೇಳಿದರೆ ಕಿಟಕಿಯ ಕೆಳಗಿನ ಜಾಗ ತೋರಿಸುವನು. ಯಾವ ಸೀರೆ ಉಡುತ್ತಿದ್ದಳು ಎಂದು ಕೇಳಿದರೆ ಅದನ್ನೂ ಹೇಳುವನು. ಮೊದಮೊದಲು ಯೋಚಿಸಿ ಹೇಳುತ್ತಿದ್ದ. ಬರಬರುತ್ತ ಯೋಚಿಸಬೇಕಾಗಲಿಲ್ಲ.

ಇಲ್ಲಿಗೆ ಸ್ವಾಮಿಗಳು ನಿಲ್ಲಿಸಿದರು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಸರಿದಿತ್ತು.

ಅಡವಯ್ಯ ಕತೆಯನ್ನು ಮನಸ್ಸಿನಲ್ಲೇ ತಿರುವಿ ನೋಡಿದ. ಮಗನಿಗೆ ಸಂಸಾರವಾಯಿತು. ಸೊಸೆ ಸುಖವಾಗಿದ್ದಳು. ಮುದುಕಿ ಬಿಡಿಗಾಸೂ ತೆಗೆದುಕೊಳ್ಳಲಿಲ್ಲ, ಅವಳ ಬಾಗಿಲೂ ಬರಿದಾಗಲಿಲ್ಲ. ಸುಳ್ಳು ಹೇಳಿದ್ದು ತಪ್ಪೇ ಇರಬಹುದು. ಆದರೆ ಅದರಿಂದ ಯಾರಿಗೂ ನಷ್ಟವಾದದ್ದು ಅವನಿಗೆ ಕಾಣಲಿಲ್ಲ. ಹಿತ್ತಾಳೆಯ ಆನೆಗಳು ಇನ್ನೂ ಅವನ ಕಣ್ಣಿನಲ್ಲಿದ್ದವು.

“ಹಾಗಾದರೆ ಬುದ್ಧಿ, ಆ ವರ್ತಕನಿಗೆ ಎಲ್ಲ ಪುಕ್ಕಟೆಯೇ ದಕ್ಕಿತಲ್ಲ. ಕಡೆಗೆ ಅವನು ಕೊಟ್ಟದ್ದಾದರೂ ಏನು?”

ಸ್ವಾಮಿಗಳು ಏಳಲು ಜಗಲಿಗೆ ಕೈಯೂರಿದರು.

“ಮುಪ್ಪಿನಲ್ಲಿ ಅವನು ಹೆಂಡತಿಯನ್ನು ನೆನೆದಾಗಲೆಲ್ಲ, ತಾನೆಂದೂ ನೋಡಿರದ ಹೆಂಗಸೊಬ್ಬಳು ಕಣ್ಣ ಮುಂದೆ ಬರುತ್ತಿದ್ದಳು, ತಮ್ಮಾ.”