ಬಂಡೆಯಡಿಯ ಸದ್ದು

ಕಾಡಿನ ವಿಶ್ವವಿದ್ಯಾಲಯದ ಹಿಂದಿದ್ದ ಬಂಡೆಯ ಕೆಳಗಿಂದ ಗುಂಯ್ ಎಂದು ಸದ್ದು ಬರುತ್ತಿತ್ತು. ಅದೇನೆಂದು ತಿಳಿಯದೆ ಹೆಗ್ಗಣಕ್ಕೆ ನಿದ್ದೆ ಹತ್ತುತ್ತಿರಲಿಲ್ಲ. ಅಗೆದು ನೋಡಲು ಹತ್ತು ದಿನದ ರಾಗಿ ಬೇಕೆಂದು ಬಜೆಟ್ ಬರೆದು, ಸಂಶೋಧನೆಗೆ ಅನುದಾನ ಕೊಡುವ ಆಮೆಯ ಮುಂದೆ ಅರ್ಜಿ ಇಟ್ಟಿತು.

“ನಿರೀಕ್ಷಿತ ಫಲಿತಾಂಶದ ಜಾಗ ಖಾಲಿ ಬಿಟ್ಟಿದ್ದೀರಲ್ಲ. ಅಡಿಯಲ್ಲಿ ಏನು ಸಿಗುತ್ತದೆ?” ಎಂದಿತು ಆಮೆ.

“ಗೊತ್ತಿದ್ದರೆ ಯಾಕೆ ಅಗೆಯುತ್ತಿದ್ದೆ, ಸ್ವಾಮಿ?”

“ಗೊತ್ತಿಲ್ಲದ್ದಕ್ಕೆ ರಾಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಏನಾದರೂ ಬರೆಯಿರಿ.”

ಹೆಗ್ಗಣ ತಲೆ ಕೆರೆದುಕೊಂಡು ‘ನೀರು’ ಎಂದು ಬರೆಯಿತು. ರಾಗಿ ಮಂಜೂರಾಯಿತು.

ಹತ್ತನೆಯ ದಿನ ಹೆಗ್ಗಣ ಏದುಸಿರು ಬಿಡುತ್ತಾ ಓಡಿಬಂತು. “ಸ್ವಾಮಿ, ಅಲ್ಲೊಂದು ನೀಲಿ ಕಲ್ಲಿದೆ! ತನ್ನಷ್ಟಕ್ಕೆ ತಾನೇ ಹಾಡುತ್ತಿದೆ! ಬಂದು ಕೇಳಿ!”

ಆಮೆ ಅರ್ಜಿ ತಿರುವಿ ನೋಡಿತು. “ನೀರೆಲ್ಲಿ?”

“ನೀರಿಲ್ಲ. ಆದರೆ ಆ ಕಲ್ಲು...”

“ನೀರಿಲ್ಲವಾದರೆ ರಾಗಿಯನ್ನೆಲ್ಲ ವಾಪಸು ಅಳೆದುಕೊಡಿ. ನಾಳೆ ಸಮಿತಿ ಪರಿಶೀಲನೆಗೆ ಬರುತ್ತದೆ.”

ತಿಂದು ಮುಗಿಸಿದ ರಾಗಿಯನ್ನು ಎಲ್ಲಿಂದ ತರುವುದು? ಹೆಗ್ಗಣ ಸಂಜೆಯವರೆಗೂ ಕೆರೆಯಿಂದ ಕುಡಿಕೆಯಲ್ಲಿ ನೀರು ಹೊತ್ತು ತಂದು ಬಿಲಕ್ಕೆ ಸುರಿಯಿತು.

ಮರುದಿನ ಸಮಿತಿಯವರು ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು. ನೀರಿನಡಿಯಿಂದ ಗುಂಯ್ ಎಂದು ಸದ್ದು ಬರುತ್ತಲೇ ಇತ್ತು. ಅದೇನೆಂದು ಒಬ್ಬರೂ ಕೇಳಲಿಲ್ಲ.